ಕಲ್ಲಿಗೆ ಹಚ್ಚಿದ ಗಂಧ

(ಸಾಗರದಲ್ಲಿ ಕಲಾ ವಿದ್ಯಾರ್ಥಿಗಳು ಮತ್ತು ಕುಶಲಕರ್ಮಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಈ ಮೇಜಿನ ಮೇಲೆ ಎರಡು ಕಲ್ಲು ಇಟ್ಟಿದ್ದೇನೆ. ಎರಡೂ ಬಳಪದ ಕಲ್ಲು, ಒಂದೇ ಕ್ವಾರಿಯಿಂದ ಬಂದವು, ಒಂದೊಂದೂ ಹೆಚ್ಚು ಕಡಿಮೆ ಒಂದು ಗೇಣು. ಬೆಳಿಗ್ಗೆಯಿಂದ ಬಕೆಟ್ಟಿನಲ್ಲಿ ನೆನೆಹಾಕಿದ್ದನ್ನು ಈಗಷ್ಟೇ ಒರೆಸಿ ತಂದೆ. ಮುಂದಿನ ಸಾಲಿನಲ್ಲಿ ಕೂತಿರುವ ಈ ಹುಡುಗಿ ಅವುಗಳಿಗೆ ತೇಯ್ದ ಗಂಧ ಸವರುತ್ತಾಳೆ. ತೆಳ್ಳಗೆ ಹಚ್ಚಮ್ಮ, ದೋಸೆಗೆ ಎಣ್ಣೆ ಹಚ್ಚಿದ ಹಾಗೆ. ಮೇಲೆ ಫ್ಯಾನ್ ತಿರುಗುತ್ತಿರಲಿ, ನಾನು ಮಾತಾಡುತ್ತ ಹೋಗುತ್ತೇನೆ. ಮಾತು ಮುಗಿಯುವ ಹೊತ್ತಿಗೆ ಗಂಧ ಒಣಗಿರುತ್ತದೆ, ಆಗ ನೋಡೋಣ. ಎರಡರಲ್ಲಿ ಒಂದಕ್ಕೆ ಒಳಗೆ ಸೀಳಿದೆ ಅಂತ ಕ್ವಾರಿಯವನು ಹೇಳಿ ಕಳಿಸಿದ್ದಾನೆ. ಯಾವುದಕ್ಕೆ ಅಂತ ಹೇಳಬೇಡ ಎಂದು ನಾನೇ ಅಂದೆ. ಸುತ್ತಿಗೆಯಿಂದ ಮೆತ್ತಗೆ ತಟ್ಟಿ ನೋಡಿದೆ. ಎಡಗಡೆಯದು ಗಂಟೆಯ ಹಾಗೆ ಣಣ್ ಅಂದಿತು, ಬಲಗಡೆಯದು ಮಂಕಾಗಿ ದಪ್ ಅಂದಿತು. ಹಾಗಾಗಿ ದೋಷ ಇರುವುದು ಬಲಗಡೆಯದರಲ್ಲಿ ಅಂತ ನನ್ನ ಪಂಥ.

ಗಂಧದ ಈ ಪರೀಕ್ಷೆ ನಿಮಗೆಲ್ಲ ಗೊತ್ತಿರುವ ಕತೆಯಿಂದಲೇ ಬಂದದ್ದು. ಬೇಲೂರಿನಲ್ಲಿ ಜಕಣಾಚಾರಿ ಚೆನ್ನಿಗರಾಯನ ವಿಗ್ರಹ ಮುಗಿಸಿದ್ದಾನೆ, ಪ್ರತಿಷ್ಠೆಗೆ ಮುಹೂರ್ತ ಇಟ್ಟಾಗಿದೆ. ಎಲ್ಲಿಂದಲೋ ಬಂದ ಹುಡುಗ ಡಂಕಣ ‘ಈ ಕಲ್ಲಿನಲ್ಲಿ ದೋಷ ಇದೆ’ ಅನ್ನುತ್ತಾನೆ. ತೋರಿಸಿಕೊಟ್ಟರೆ ಬಲಗೈ ಕಡಿದುಕೊಳ್ಳುತ್ತೇನೆ ಅಂತ ಜಕಣಾಚಾರಿಯ ಪಣ. ಹುಡುಗ ವಿಗ್ರಹದ ಮೈತುಂಬ ಗಂಧ ಬಳಿಯುತ್ತಾನೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಸುತ್ತ ಮಾತ್ರ ಹಸಿಯಾಗೇ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟು ಹೊಡೆದರೆ ನೀರು, ಮರಳು, ಅದರ ಹಿಂದೆಯೇ ಒಂದು ಕಪ್ಪೆ. ಅದೇ ಕಪ್ಪೆ ಚೆನ್ನಿಗರಾಯ.

ಕತೆ ಹೇಳುವವರು ಬೇಗ ಬೇಗ ಮುಂದಕ್ಕೆ ಓಡುತ್ತಾರೆ. ಕೈ ಕಡಿದುಕೊಂಡದ್ದು, ಹುಡುಗ ಸ್ವಂತ ಮಗ ಅಂತ ಗೊತ್ತಾದದ್ದು, ತುಮಕೂರಿನ ಹತ್ತಿರ ಕೈದಾಳದಲ್ಲಿ ಕೈ ಮರಳಿ ಬಂದದ್ದು. ಜಕಣಾಚಾರಿ ಎಂಬ ಹೆಸರು ಹೊಯ್ಸಳರ ಶಾಸನಗಳಲ್ಲಿ ಸಿಗುವುದಿಲ್ಲ ಎನ್ನುತ್ತಾರೆ ಇತಿಹಾಸಕಾರರು. ಇರಲಿ. ನನಗೆ ಈ ಕತೆಯಲ್ಲಿ ಇಷ್ಟವಾಗುವುದು ಗಂಧ ಒಣಗಲಿ ಅಂತ ಎಲ್ಲರೂ ಸುಮ್ಮನೆ ಕಾಯುವ ಆ ಹೊತ್ತು. ಕಲ್ಲು ಹೊಟ್ಟೆಯಲ್ಲಿ ಕಪ್ಪೆ ಸಾಕುತ್ತದೋ ಇಲ್ಲವೋ ಬಿಡಿ, ಸೀಳಿನಲ್ಲಿ ಕೂತ ನೀರು ಎಲ್ಲಕ್ಕಿಂತ ಕೊನೆಗೆ ಆರುತ್ತದೆ ಅನ್ನುವುದು ಕಲ್ಲುಕೆಲಸದವರಿಗೆಲ್ಲ ಗೊತ್ತಿರುವ ಮಾತು. ಈ ಕತೆ ಕಟ್ಟಿದವನು ಯಾರೇ ಆಗಿರಲಿ, ಶಿಲ್ಪಿಯ ಪಕ್ಕ ಕೂತು ನೋಡಿದವನು. ಅರಮನೆಯಲ್ಲಿ ಕೂತು ಕಟ್ಟಿದವನಿಗೆ ಗಂಧ ಹೊಳೆಯುತ್ತಿರಲಿಲ್ಲ.

ನನಗೆ ಕೊಟ್ಟ ವಿಷಯ ದೊಡ್ಡದು. ಪ್ರಕೃತಿ, ಪರಂಪರೆ, ಇವತ್ತಿನ ಶಿಲ್ಪ. ನನ್ನ ಹತ್ತಿರ ಇರುವುದು ಒಂದೇ ಮಾತು. ನಮ್ಮ ಕಸುಬಿನವರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದು ಮುಖ್ಯವಾಗಿ ಒಂದು ಪರಿಚಯವನ್ನು. ಈ ಕಲ್ಲು ಹೀಗೆ ಒಡೆಯುತ್ತದೆ, ಈ ಮರ ಹೀಗೆ ಸೀಳುತ್ತದೆ, ಈ ಮಣ್ಣು ಲೋಹಕ್ಕೆ ಹೀಗೆ ಮಾಡುತ್ತದೆ ಅನ್ನುವ ಪರಿಚಯ. ಆಕಾರಗಳು, ಬಳ್ಳಿ, ಹಂಸ, ಕೀರ್ತಿಮುಖ, ಇವೆಲ್ಲ ಆ ಪರಿಚಯದಿಂದ ಹುಟ್ಟಿದವು. ನಾವು ಇವತ್ತು ಪರಂಪರೆ ಅಂದ ಕೂಡಲೇ ಆಕಾರಕ್ಕೆ ಕೈ ಹಾಕುತ್ತೇವೆ. ಪರಿಚಯ ಕೈ ಬಿಟ್ಟು ಹೋಗುತ್ತದೆ.

ಬಳಪದ ಕಲ್ಲನ್ನೇ ತಗೊಳ್ಳಿ. ಭೂವಿಜ್ಞಾನದವರು ಕ್ಲೋರೈಟ್ ಶಿಸ್ಟ್ ಅನ್ನುತ್ತಾರೆ. ನೆಲದಿಂದ ಎಬ್ಬಿಸಿದಾಗ ಮೆತ್ತಗಿರುತ್ತದೆ, ಚಾಕುವಿನ ತುದಿಯಿಂದ ಗೀರಿದರೆ ಗೆರೆ ಬೀಳುತ್ತದೆ. ಗಾಳಿಗೆ ಬಿದ್ದ ಮೇಲೆ ಬರಬರುತ್ತ ಗಟ್ಟಿಯಾಗುತ್ತದೆ. ಬಾದಾಮಿ, ಪಟ್ಟದಕಲ್ಲಿನಲ್ಲಿ ಇದ್ದದ್ದು ಮರಳುಗಲ್ಲು. ಅಲ್ಲಿಯ ಶಿಲ್ಪ ದುಂಡು, ತುಂಬುಗೆನ್ನೆಯದು, ಆಭರಣ ಕಡಿಮೆ. ಬಳಪದ ಕಲ್ಲು ಕೈಗೆ ಬಂದ ಮೇಲೆ ನೋಡಿ, ಶಿಲ್ಪಿಯ ಕೈಯೇ ಬದಲಾಯಿತು. ಸರದ ಮಣಿ ಮಣಿ ಬೇರೆ ಕಾಣಬೇಕು, ಮಣಿಯ ಹಿಂದೆ ಬೆಳಕು ಹೋಗಬೇಕು ಅನ್ನುವ ಆಸೆ ಹುಟ್ಟಿದ್ದೇ ಆ ಕಲ್ಲು ‘ಆಗಲಿ’ ಅಂದದ್ದರಿಂದ. ಹೊಯ್ಸಳರ ಕಂಬಗಳನ್ನು ನೀವು ನೋಡಿದ್ದೀರಿ, ನುಣ್ಣಗೆ, ಕನ್ನಡಿಯ ಹಾಗೆ, ಉಂಗುರ ಉಂಗುರವಾಗಿ ಕಡೆದವು. ಅಷ್ಟು ದೊಡ್ಡ ಕಲ್ಲನ್ನು ತಿರುಗಿಸಿ ಕಡೆಯುವ ಯೋಚನೆ ಕಣಶಿಲೆಯವನಿಗೆ, ಅಂದರೆ ಗ್ರಾನೈಟ್ ಕೆತ್ತುವವನಿಗೆ, ಬರುವುದೇ ಇಲ್ಲ.

ಇನ್ನೊಂದು ಮಾತು, ನಿಮ್ಮ ಸೀಮೆಯದು. ಬೇಲೂರಿನ ದೇವಾಲಯ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ಅಲ್ಲಿಯ ಮದನಿಕೆಗಳ ಕೆಳಗೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆ ಎಲ್ಲಿದೆ? ಇಲ್ಲೇ, ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿ. ಮಲ್ಲಿತಮ್ಮ ಅನ್ನುವವನ ಹೆಸರು ಅಮೃತಾಪುರದಲ್ಲೂ ಇದೆ, ಸೋಮನಾಥಪುರದಲ್ಲೂ ಇದೆ. ಅದರ ಪೂರ್ವಾಪರ ಇವತ್ತು ಬೇಡ. ನಮ್ಮ ಶಿಲ್ಪಿಗಳು ಅನಾಮಿಕರು, ಹೆಸರಿನ ಆಸೆ ಇಲ್ಲದವರು ಅಂತ ಯಾರಾದರೂ ಭಾಷಣ ಮಾಡಿದರೆ ಬೇಲೂರಿಗೆ ಕರೆದುಕೊಂಡು ಹೋಗಿ ತೋರಿಸಿ, ಅಷ್ಟು ಸಾಕು.

ಈಗ ಆ ಕಣಶಿಲೆಗೆ ಬನ್ನಿ. ಶ್ರವಣಬೆಳಗೊಳದ ಗೊಮ್ಮಟ ಹತ್ತನೇ ಶತಮಾನದ ಕೊನೆಯ ಕೆಲಸ, ಸುಮಾರು 58 ಅಡಿ. ಬೆಟ್ಟದ ತಲೆಯನ್ನೇ ಕಡಿದು ಮಾಡಿದ್ದು. ಕಲ್ಲನ್ನು ಮೇಲಕ್ಕೆ ಸಾಗಿಸಲಿಲ್ಲ, ಬೇಡದ್ದನ್ನು ಕೆಳಕ್ಕೆ ಇಳಿಸಿದರು. ಆ ಕಲ್ಲು ಬಳೆ, ಮಣಿ, ಗೆಜ್ಜೆ ಯಾವುದಕ್ಕೂ ಒಪ್ಪುವುದಿಲ್ಲ. ಉಳಿ ಒಂದು ಏಟಿಗೆ ಒಂದು ಚಕ್ಕೆ ಎಬ್ಬಿಸುತ್ತದೆ, ಅದೂ ಕೈ ಜುಮ್ಮೆನ್ನಿಸಿ. ಬಟ್ಟೆ ಇಲ್ಲದ, ಆಭರಣ ಇಲ್ಲದ, ಅಲುಗಾಡದ ಒಬ್ಬ ಮನುಷ್ಯನಿಗೆ ಅದಕ್ಕಿಂತ ಒಪ್ಪುವ ಕಲ್ಲು ಬೇರೆ ಯಾವುದು? ಧರ್ಮ ಹೇಳಿದ್ದನ್ನೇ ಕಲ್ಲೂ ಹೇಳಿತು. ಕಾಲಿನ ಹತ್ತಿರ ಹುತ್ತ ಇದೆ, ತೊಡೆ ತೋಳಿಗೆ ಬಳ್ಳಿ ಹಬ್ಬಿದೆ. ಆ ಬಳ್ಳಿಯನ್ನು ಹತ್ತಿರದಿಂದ ನೋಡಿ. ಬೇಲೂರಿನ ಬಳ್ಳಿಯ ಹಾಗೆ ಸುರುಳಿ ಸುತ್ತಿಲ್ಲ. ಒಂದೊಂದು ಎಲೆಯೂ ಅಗಲವಾಗಿ, ಮೈಗೆ ಅಂಟಿಕೊಂಡಿದೆ.

ಆ ಪರಿಚಯ ಸತ್ತಿಲ್ಲ. ಕಾರ್ಕಳದಲ್ಲಿ 1432ರ ಗೊಮ್ಮಟ ಇದೆ, ವೇಣೂರಿನಲ್ಲಿ 1604ರದ್ದು. ನಮ್ಮ ಕಾಲದಲ್ಲೇ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಾರ್ಕಳದಲ್ಲಿ ಏಕಶಿಲೆಯಲ್ಲಿ 39 ಅಡಿಯ ಬಾಹುಬಲಿಯನ್ನು ಕೆತ್ತಿ, ಅದನ್ನು ಧರ್ಮಸ್ಥಳಕ್ಕೆ ಸಾಗಿಸಿ, 1982ರಲ್ಲಿ ಪ್ರತಿಷ್ಠೆ ಆಯಿತು. ಮಲಗಿಸಿ ಕೆತ್ತಿದ ಕಲ್ಲು ನಿಂತಾಗ ಹೇಗೆ ಕಾಣುತ್ತದೆ, ಕೆಳಗಿನಿಂದ ಕತ್ತೆತ್ತಿ ನೋಡುವವನಿಗೆ ಮುಖ ಚಿಕ್ಕದಾಗಿ ಕಾಣಬಾರದಲ್ಲ, ಎಷ್ಟು ದೊಡ್ಡದು ಮಾಡಬೇಕು? ಇದನ್ನೆಲ್ಲ ಮೊದಲೇ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು. ನಡುವೆ ಒಂದು ಸೀಳು ಬಂದರೆ ಮುಗಿಯಿತು. ಏಕಶಿಲೆಯಲ್ಲಿ ತೇಪೆ ಹಾಕುವ ಹಾಗಿಲ್ಲ.

ಇದಕ್ಕೆ ಎದುರಾಗಿ ಒಂದು ಚಿತ್ರ ಹೇಳುತ್ತೇನೆ. ಬೆಂಗಳೂರಿನಲ್ಲಿ ಒಂದು ದೊಡ್ಡ ಹೋಟೆಲು, ಹೆಸರು ಬೇಡ. ಒಳಗೆ ಹೋದ ಕೂಡಲೇ ಬೇಲೂರಿನ ದರ್ಪಣಸುಂದರಿ, ಆಳೆತ್ತರ. ದೂರದಿಂದ ‘ಆಹಾ’ ಅನ್ನಿಸಿತು. ಹತ್ತಿರ ಹೋಗಿ ಬೆರಳಿನ ಗಿಣ್ಣಿನಿಂದ ಕುಟ್ಟಿದೆ. ಟೊಳ್ಳು ಸದ್ದು, ಫೈಬರ್. ಅದಕ್ಕೂ ಬೇಜಾರಿಲ್ಲ. ಅಚ್ಚಿನ ಎರಡು ಹೋಳು ಕೂಡಿದ ಗೆರೆ ಭುಜದಿಂದ ಇಳಿದು ಬಳೆಗಳ ನಡುವೆ ಹಾದು ಹೋಗಿತ್ತು. ಒಂದು ಬಳೆಯ ಅರ್ಧ ಮುಂದಿನ ಹೋಳಿನಲ್ಲಿ, ಉಳಿದರ್ಧ ಹಿಂದಿನ ಹೋಳಿನಲ್ಲಿ, ಎರಡೂ ಕೂಡದೆ ಒಂದು ಕಾಳಿನಷ್ಟು ಹೆಚ್ಚುಕಡಿಮೆ. ದಾಸೋಜ ಬಳೆ ಕೆತ್ತಿದ್ದು ಆ ಕಲ್ಲು ಬಳೆ ಕೆತ್ತಿಸಿಕೊಳ್ಳುತ್ತದೆ ಅಂತ. ಫೈಬರಿಗೆ ಬಳೆಯ ಹಂಗಿಲ್ಲ. ಫೈಬರಿಗೆ ಅದರದೇ ಗುಣ ಇದೆ, ಹಗುರ, ತೆಳು, ಬೆಳಕು ಬಿಡುತ್ತದೆ. ಅದನ್ನು ಹಿಡಿದು ಏನಾದರೂ ಮಾಡಿದ್ದರೆ ನಾನು ಅಲ್ಲೇ ನಿಂತು ನೋಡುತ್ತಿದ್ದೆ.

ಯಂತ್ರ ಬೇಡ ಅನ್ನುವ ಜಾತಿಯವನಲ್ಲ ನಾನು. ಚನ್ನಪಟ್ಟಣದವರು ಕೈಯಿಂದ ಎಳೆಯುವ ಬಿಲ್ಲು ಬಿಟ್ಟು ಕರೆಂಟಿನ ಲೇತಿಗೆ ಬಂದು ಎಷ್ಟೋ ವರ್ಷವಾಯಿತು. ಏನೂ ಕೆಡಲಿಲ್ಲ. ಯಾಕೆ ಅಂದರೆ ಕೆಲಸದ ಜೀವ ಇರುವುದು ಬಿಸಿಯಲ್ಲಿ. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಕಾವಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಮೇಲೆ ಒಣಗಿದ ಕೇದಗೆ ಎಲೆ ಹಿಡಿದರೆ ಹೊಳಪು. ಬ್ರಷ್ಷಿನಲ್ಲಿ ಬಳಿದ ಬಣ್ಣವಲ್ಲ ಅದು, ಮಗು ಬಾಯಿಗಿಟ್ಟುಕೊಂಡರೂ ಸಿಪ್ಪೆ ಏಳುವುದಿಲ್ಲ. ಅರಗು ಅಂದರೆ ಏನು? ಮರದ ರೆಂಬೆಗಳ ಮೇಲೆ ಒಂದು ಹುಳು ಕಟ್ಟುವ ಗೂಡು. ಮರದ ಮೇಲೆ ಹುಟ್ಟಿದ್ದು ಮತ್ತೆ ಮರಕ್ಕೇ ಹತ್ತುತ್ತದೆ. ಲೇತನ್ನು ಕೈ ತಿರುಗಿಸಿದರೇನು, ಮೋಟಾರು ತಿರುಗಿಸಿದರೇನು.

ಈಗ ನಿಮ್ಮ ಊರಿನ ಮರದ ಮಾತು. ಸಾಗರ, ಸೊರಬ, ಸಿರ್ಸಿ ಕಡೆಯ, ಗಂಧ ಕೆತ್ತುವ ಗುಡಿಗಾರರ ಮುಂದೆ ಗಂಧದ ಮಾತಾಡುವುದು ಅಂದರೆ ಅಜ್ಜನಿಗೆ ಕೆಮ್ಮು ಕಲಿಸಿದ ಹಾಗೆ. ಆದರೂ ಇಲ್ಲಿರುವ ಹುಡುಗರಿಗಾಗಿ ಹೇಳುತ್ತೇನೆ. ಶ್ರೀಗಂಧ ಅರೆ ಪರಾವಲಂಬಿ ಮರ. ಎಲೆ ಹಸಿರಾಗಿದ್ದರೂ ಅದರ ಬೇರು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಹೀರುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಪರಿಮಳ ಇರುವುದು ಚೇಗಿನಲ್ಲಿ, ಅಂದರೆ ಮರದ ನಡುವಿನ ಗಟ್ಟಿ ಭಾಗದಲ್ಲಿ, ಆ ಚೇಗು ಕಟ್ಟುವುದಕ್ಕೆ ದಶಕಗಳು ಬೇಕು. ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷ ಅಂತ ಸಾರಿದ. ಆಮೇಲೆ ಬಂದ ಸರ್ಕಾರಗಳೂ ಹಕ್ಕು ಬಿಡಲಿಲ್ಲ. ನಿಮ್ಮ ಹಿತ್ತಲಿನಲ್ಲಿ ಗಂಧ ಹುಟ್ಟಿದರೂ ಅದು ಸರ್ಕಾರದ್ದೇ ಆಗಿತ್ತು. 2001ರ ಕಾಯ್ದೆ ತಿದ್ದುಪಡಿಯ ಮೇಲೆ ಜಮೀನಿನವನು ಮರದ ಒಡೆಯನಾದ. ಅದಕ್ಕೂ ಮುಂಚೆ ಹಿತ್ತಲಿನಲ್ಲಿ ಗಂಧದ ಸಸಿ ಕಂಡರೆ ರಾತ್ರೋರಾತ್ರಿ ಕಿತ್ತು ಹಾಕುತ್ತಿದ್ದವರೂ ಇದ್ದರು. ಯಾರಿಗೆ ಬೇಕು ತಲೆನೋವು ಅಂತ. ಕಾಯ್ದೆ ಒಂದು ಮರದ ಜೊತೆಗಿನ ನಮ್ಮ ಪರಿಚಯವನ್ನೇ ಕೆಡಿಸಬಲ್ಲದು.

ಇಲ್ಲಿ ಒಬ್ಬ ಹಿರಿಯರ ಹತ್ತಿರ ನಾನು ಚಿಕ್ಕಂದಿನಲ್ಲಿ ಒಂದು ಬೇಸಿಗೆ ಕೂತಿದ್ದೆ. ನಾನು ಕಾಗದದ ಮೇಲೆ ಚಂದದ ನವಿಲು ಬರೆದುಕೊಂಡು ಹೋಗಿದ್ದೆ, ಅದನ್ನು ಮರಕ್ಕೆ ಅಂಟಿಸಿ ಕೆತ್ತೋಣ ಅಂತ. ಅವರು ಕಾಗದ ತೆಗೆದು ಪಕ್ಕಕ್ಕಿಟ್ಟರು. ‘ಮರ ಎತ್ಲಾಗೆ ಹೋಗುತ್ತೆ ಅಂತ ಮೊದ್ಲು ನೋಡು ಮಾರಾಯ, ನಿನ್ನ ನವಿಲು ಆಮೇಲೆ ಹೋಗ್ಲಿ’ ಅಂದರು. ಎಳೆಗೆ ಅಡ್ಡವಾಗಿ ಬರೆದ ನವಿಲಿನ ಕುತ್ತಿಗೆ ಮೊದಲ ದಿನವೇ ಮುರಿಯಿತು. ಎರಡನೆಯ ನವಿಲು ಎಳೆಯ ಜೊತೆ ಬಗ್ಗಿತು, ಮೊದಲಿನದಕ್ಕಿಂತ ಗೂನಾಗಿ. ಅದು ಇನ್ನೂ ನನ್ನ ಹತ್ತಿರ ಇದೆ. ಗಂಧದಲ್ಲಲ್ಲ, ಶಿವನೆ ಮರದಲ್ಲಿ. ಗಂಧ ನನ್ನ ಕೈಗೆ ಕೊಡುವಷ್ಟು ದಡ್ಡರಲ್ಲ ಅವರು. ಅವರ ಮನೆಯಲ್ಲಿ ಗಂಧದ ಪುಡಿಯನ್ನೂ ಗುಡಿಸಿ ಡಬ್ಬಿಗೆ ತುಂಬುತ್ತಿದ್ದರು.

ಆ ಮನೆಯ ಇನ್ನೊಂದು ಮೂಲೆಯಲ್ಲಿ ಹೆಂಗಸರು ಬೆಂಡಿನ ಬಾಸಿಂಗ ಮಾಡುತ್ತಿದ್ದರು. ಬೆಂಡು ಕೆರೆಯ ನೀರಿನಲ್ಲಿ ಬೆಳೆಯುವ ಗಿಡದ ತಿರುಳು. ಕಾಗದಕ್ಕಿಂತ ಹಗುರ, ಬೆಳ್ಳಗೆ. ಚೂರಿ ಹಿಡಿದು ಸುತ್ತ ಸುತ್ತ ಹೆರೆದರೆ ಉದ್ದದ ಹಾಳೆ ಬಿಚ್ಚಿಕೊಳ್ಳುತ್ತದೆ, ಆ ಹಾಳೆ ಮಡಿಸಿದರೆ ಮಲ್ಲಿಗೆ ಮೊಗ್ಗು. ಒಂದೇ ಮನೆಯಲ್ಲಿ ಒಂದು ಕಡೆ ನೂರು ವರ್ಷ ಇರಬೇಕಾದ ಗಂಧದ ಪೆಟ್ಟಿಗೆ, ಇನ್ನೊಂದು ಕಡೆ ಮದುವೆಯ ದಿನ ಮಾತ್ರ ಬಾಳುವ ಹೂವು. ಶಿಲ್ಪದ ಪಾಠದಲ್ಲಿ ಬೆಂಡನ್ನು ಯಾರೂ ಹೇಳುವುದಿಲ್ಲ. ನನಗೆ ಕೇಳಿದರೆ ಅದನ್ನೂ ಗಂಧದ ಪಕ್ಕದಲ್ಲೇ ಇಡಬೇಕು.

ಇನ್ನು ಬೀದರ್. ಇಲ್ಲಿ ನಾನು ಸೋತ ಕತೆ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಿದರಿ ಕೆಲಸ ನೋಡಿದ್ದೀರಿ, ಕಾಡಿಗೆಗಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ. ಲೋಹ ಮುಖ್ಯವಾಗಿ ಸತು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಮಣ್ಣಿಗೆ ಹರಳೆಣ್ಣೆ, ರಾಳ ಕಲಸಿ ಅಚ್ಚು ಮಾಡಿ, ಅದಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ತೆಗೆದಾಗ ಬೂದು ಬಣ್ಣ, ಒರಟು. ಅರ ಹಾಕಿ ನಯ ಮಾಡಿ ಮೈಲುತುತ್ತದ ನೀರು ಒರೆಸಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನೆಯಿಂದ ಬರಿಗೈಯಲ್ಲೇ ಹೂಬಳ್ಳಿ ಬರೆಯುತ್ತಾರೆ. ಆಮೇಲೆ ಸಣ್ಣ ಉಳಿಯಿಂದ ಆ ಗೆರೆಯನ್ನು ತೋಡಿ, ಅದರೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಅನ್ನುತ್ತಾರೆ, ಬೆಳ್ಳಿಯ ತಗಡು ಕೂರಿಸಿದರೆ ತೆಹನಿಶಾನ್. ಮತ್ತೆ ಅರ, ಮತ್ತೆ ನಯ. ಈ ಹಂತದಲ್ಲಿ ತಟ್ಟೆ ನೋಡಿದರೆ ನಿರಾಸೆಯಾಗುತ್ತದೆ. ಬೂದು ಲೋಹ, ಅದರಲ್ಲಿ ಕಂಡೂ ಕಾಣದ ಹಾಗೆ ಬೆಳ್ಳಿ. ವಾರಗಟ್ಟಲೆ ಮಾಡಿದ ಕೆಲಸ ಮಾಯ.

ಕೊನೆಗೆ ಬರುವುದು ಮಣ್ಣು. ಬೀದರ್ ಕೋಟೆಯ ಹಳೆಯ ಕಟ್ಟಡಗಳೊಳಗೆ, ಬಿಸಿಲು ಮಳೆ ತಾಗದ ಜಾಗದ ಮಣ್ಣು. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ತಟ್ಟೆಗೆ ಉಜ್ಜುತ್ತಾರೆ. ಕಣ್ಣೆದುರೇ ಸತು ಕಪ್ಪಗಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮೇಲ್ಮೈಯ ಸತು ಕರಗಿ ತಾಮ್ರದ ಪಾಲು ಹೆಚ್ಚಾಗಿ ಆ ಕಪ್ಪು ಬರುತ್ತದೆ. ಮಣ್ಣಿನಲ್ಲಿರುವ ಪೆಟ್ಲುಪ್ಪು ಅದಕ್ಕೆ ಸಹಾಯ. ಬೆಳ್ಳಿಗೆ ಅದರ ಗೊಡವೆ ಇಲ್ಲ. ಕೊನೆಯಲ್ಲಿ ಎಣ್ಣೆ ಹಚ್ಚಿದರೆ ಕಪ್ಪು ಇನ್ನೂ ಆಳವಾಗುತ್ತದೆ.

ನಾನು ಅಲ್ಲಿ ಒಬ್ಬ ಹಿರಿಯ ಉಸ್ತಾದರ ಹತ್ತಿರ ಹತ್ತು ದಿನ ಇದ್ದೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಅಂದೆ. ಮನೆಗೆ ಬರುವಾಗ ಅರ್ಧ ಆದ ತಟ್ಟೆಯೊಂದನ್ನು ಕೊಟ್ಟರು, ಜೊತೆಗೆ ಸಣ್ಣ ಪೊಟ್ಟಣ ಮಣ್ಣು. ಪೊಟ್ಟಣ ಚಿಕ್ಕದಾಯಿತು ಅನ್ನಿಸಿ ಬಸ್ ಹತ್ತುವ ಮುಂಚೆ ಕೋಟೆಯ ಗೋಡೆ ಬುಡದಲ್ಲಿ, ರಸ್ತೆ ಪಕ್ಕ, ಒಂದು ಚೀಲ ತುಂಬಿಕೊಂಡೆ. ಕೋಟೆ ಮಣ್ಣು ಕೋಟೆ ಮಣ್ಣೇ ತಾನೇ? ಮನೆಯಲ್ಲಿ ತಟ್ಟೆ ಬಿಸಿ ಮಾಡಿ, ನನ್ನ ಚೀಲದ ಮಣ್ಣು ಕಲಸಿ ಉಜ್ಜಿದೆ. ಮಂಕು ಬೂದು ಬಂತು. ಮತ್ತೆ ಉಜ್ಜಿದೆ. ಕೊಚ್ಚೆ ಬಣ್ಣ ಬಂತು. ಹೆಂಡತಿ ಅಡುಗೆಮನೆಯಿಂದ ಇಣುಕಿ ‘ದೋಸೆ ಕಾವಲಿ ಹಾಗಿದೆ’ ಅಂದಳು. ಅದು ಹೊಗಳಿಕೆ ಆಗಿರಲಿಲ್ಲ.

ಫೋನ್ ಮಾಡಿದೆ. ಚಾಚಾ ನಕ್ಕರು. ‘ನಾಲಗಿಗೆ ಹಚ್ಚಿ ನೋಡಿದ್ರೇನ್ರಿ? ಹಚ್ಚಿದ್ರ ಅಲ್ಲೇ ತಿಳೀತಿತ್ತಲ್ರಿ’ ಅಂದರು. ಅವರು ನನ್ನೆದುರು ಎಷ್ಟೋ ಸಲ ಚಿಟಿಕೆ ಮಣ್ಣು ನಾಲಗೆಗೆ ಮುಟ್ಟಿಸಿ, ಉಗುಳಿ, ತಲೆಯಾಡಿಸಿದ್ದು ನೋಡಿದ್ದೆ. ಏನೋ ಅವರ ಅಭ್ಯಾಸ ಅಂದುಕೊಂಡಿದ್ದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರಲಿಲ್ಲ. ಗುಣಪ್ರಮಾಣ ಎಲ್ಲ ಬರೆದಿದ್ದೆ, ಹದಿನಾರಕ್ಕೆ ಒಂದು ಅಂತ. ಆ ಕೆಲಸದ ಅಳತೆಗೋಲು ಅವರ ನಾಲಗೆಯಲ್ಲಿತ್ತು. ಮಳೆ ಬಿದ್ದ ಜಾಗದ ಮಣ್ಣಿನಲ್ಲಿ ಉಪ್ಪು ತೊಳೆದು ಹೋಗಿರುತ್ತದೆ, ರುಚಿ ಚಪ್ಪೆ. ಬಹಮನಿಗಳು ಬಿಟ್ಟು ಹೋದ ಕತ್ತಲು ಮೂಲೆಗಳಲ್ಲಿ ಮಾತ್ರ ಅದು ಉಳಿದಿದೆ. ಒಂದು ಕಲೆ ಒಂದು ಕಟ್ಟಡದ ತೇವಕ್ಕೆ, ನೆರಳಿಗೆ ಇಷ್ಟು ಅಂಟಿಕೊಂಡಿರುವುದನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಈ ಕೆಲಸಕ್ಕೆ ಬೀದರಿನ ಶಾಹ್ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ದಿನ ನನಗೆ ಆದ ಸಂತೋಷ, ತಟ್ಟೆ ಕೆಡಿಸಿದವನಿಗೆ ಮಾತ್ರ ಗೊತ್ತಾಗುವಂಥದ್ದು.

‘ಇದೆಲ್ಲ ಕರಕುಶಲ ಆಯಿತು ಸಾರ್, ಸಮಕಾಲೀನ ಶಿಲ್ಪ ಎಲ್ಲಿ’ ಅಂತ ಹಿಂದಿನ ಸಾಲಿನವರು ಪಿಸುಗುಟ್ಟುತ್ತಿದ್ದಾರೆ, ಕೇಳಿಸುತ್ತಿದೆ. ಈ ಗೆರೆ ಯಾರು ಎಳೆದರು? ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಕರಕುಶಲ ಮಂಡಳಿ ಆಯಿತು, ಅದನ್ನು ಕಟ್ಟಿ ಬೆಳೆಸಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1954ರಲ್ಲಿ ಲಲಿತಕಲಾ ಅಕಾಡೆಮಿ ಬಂತು. ಎರಡೂ ದೊಡ್ಡ ಕೆಲಸ ಮಾಡಿದವು, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಮೇಜಿನ ಮುಂದೆ ಕುಶಲಕರ್ಮಿ, ಇನ್ನೊಂದು ಮೇಜಿನ ಮುಂದೆ ಕಲಾವಿದ ಅಂತ ಕ್ಯೂ ಬೇರೆಯಾಯಿತು. ಒಬ್ಬನಿಗೆ ಮಾರಾಟ ಮಳಿಗೆ, ಇನ್ನೊಬ್ಬನಿಗೆ ಗ್ಯಾಲರಿ. ಚಾಚಾ ಯಾವ ಸಾಲಿನಲ್ಲಿ ನಿಲ್ಲಬೇಕು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಈ ಗೆರೆಯನ್ನು ಒಪ್ಪದ ಒಬ್ಬ ಮೇಷ್ಟರಿದ್ದರು, ಕೆ.ಜಿ. ಸುಬ್ರಹ್ಮಣ್ಯನ್. ಬರೋಡದಲ್ಲಿ, ಆಮೇಲೆ ಶಾಂತಿನಿಕೇತನದಲ್ಲಿ ಪಾಠ ಮಾಡಿದವರು. ನೇಕಾರರ ಜೊತೆ ಕೆಲಸ ಮಾಡಿದವರು, ಬರೋಡದ ಮೇಳಕ್ಕೆ ಮರ, ಚರ್ಮ, ಮಣಿ ಸೇರಿಸಿ ಆಟಿಕೆ ಮಾಡಿದವರು. ಅವರ ಇಬ್ಬರು ಶಿಷ್ಯೆಯರ ಮಾತು ಹೇಳಬೇಕು.

ಮೃಣಾಲಿನಿ ಮುಖರ್ಜಿ, 1949ರಿಂದ 2015. ಅವರು ಕಲ್ಲನ್ನೂ ಕಂಚನ್ನೂ ಬಿಟ್ಟು ಹಗ್ಗ ಹಿಡಿದರು. ನಾರಿನ ಹಗ್ಗಕ್ಕೆ ಬಣ್ಣ ಹಾಕಿ, ಗಂಟು ಹಾಕುತ್ತ ಹಾಕುತ್ತ ಆಳೆತ್ತರದ ಮೂರ್ತಿಗಳನ್ನು ಬೆಳೆಸಿದರು. ‘ಯಕ್ಷಿ’, ‘ವನಶ್ರೀ’ ಅಂತ ಹೆಸರು. ಮೊದಲು ಚಿತ್ರ ಬರೆದುಕೊಳ್ಳುತ್ತಿರಲಿಲ್ಲ. ಗಂಟು ಎತ್ತ ಎಳೆಯುತ್ತದೋ ಅತ್ತ. ಅದರ ಮುಂದೆ ನಿಂತರೆ ಹೂವೋ, ದೇವಿಯೋ, ಗರ್ಭವೋ ಅಂತ ತಿಳಿಯುವುದಿಲ್ಲ. ಗುಡಿಗಾರ ಅಜ್ಜ ನನ್ನ ನವಿಲಿ‌ಗೆ ಹೇಳಿದ್ದನ್ನೇ ಅವರು ಹಗ್ಗದಲ್ಲಿ ಮಾಡಿದರು. ಬದುಕಿನ ಕೊನೆಯ ಭಾಗದಲ್ಲಿ ಮಣ್ಣಿಗೂ ಕಂಚಿಗೂ ಬಂದರು. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ದೊಡ್ಡ ಪ್ರದರ್ಶನ ನಡೆಯುತ್ತಿರುವಾಗಲೇ ತೀರಿಕೊಂಡರು.

ಇನ್ನೊಬ್ಬರು ನಮ್ಮವರು, ಶೀಲಾ ಗೌಡ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದವರು, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ್ ಅವರ ಬಳಿ ಕಲಿತವರು. ಮೊದಲು ಚಿತ್ರ ಬರೆಯುತ್ತಿದ್ದರು. 1992ರ ಗಲಭೆಗಳ ಸುತ್ತಮುತ್ತ ಬಣ್ಣ ಸಾಕಾಗುವುದಿಲ್ಲ ಅನ್ನಿಸಿ ಸಗಣಿಗೆ ಬಂದರು. ಸಗಣಿ ಅಂದರೆ ನಮ್ಮ ಮನೆಯ ಅಂಗಳ, ಬೆರಣಿ, ಗೋಡೆ, ಪೂಜೆ. ಜೊತೆಗೆ ಆ ಕಾಲದಲ್ಲಿ ಹಸುವಿನ ಹೆಸರಿನಲ್ಲಿ ನಡೆಯುತ್ತಿದ್ದ ರಾಜಕೀಯ. ಎಲ್ಲವೂ ಆ ಮುದ್ದೆಯಲ್ಲಿ ಮೊದಲೇ ಇದೆ, ಅವರು ಹೊರಗಿನಿಂದ ತುಂಬಬೇಕಾಗಿರಲಿಲ್ಲ. 1998ರಲ್ಲಿ ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಅಂತ ಒಂದು ಕೃತಿ. ಸೂಜಿಗೆ ದಾರ ಪೋಣಿಸಿ, ಅಂಥ ಎಳೆಗಳನ್ನು ಒಟ್ಟುಗೂಡಿಸಿ, ಕುಂಕುಮ, ಅಂಟು ಹಚ್ಚಿ ಉದ್ದನೆಯ ಕೆಂಪು ಹುರಿ. ಗೋಡೆಯಿಂದ ಇಳಿದು ನೆಲದ ಮೇಲೆ ಸುತ್ತಿ ಸುತ್ತಿ ಮಲಗುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಹೆಂಗಸರ ಕೈಕೆಲಸ, ಅದರ ಬೇಸರ, ಅದರ ಗಾಯ, ಎಲ್ಲ ಒಂದು ಹಗ್ಗದಲ್ಲಿ.

ನನಗೆ ಇನ್ನೂ ಹತ್ತಿರ ಅನ್ನಿಸುವುದು 2009ರ ‘ಬಿಹೋಲ್ಡ್’. ಬೆಂಗಳೂರಿನಲ್ಲಿ ಗಾಡಿಗಳ ಬಂಪರಿಗೆ ಕರೀ ಕೂದಲ ಹಗ್ಗ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ, ದೃಷ್ಟಿ ತಾಗದಿರಲಿ ಅಂತ. ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲು ಅದು. ಉದ್ದದ ಕೂದಲು ವಿಗ್ಗಿಗೆ ಹೋಗುತ್ತದೆ, ಗಿಡ್ಡದ್ದನ್ನು ಹೊಸೆದು ಹಗ್ಗ ಮಾಡುತ್ತಾರೆ. ಶೀಲಾ ಅಂಥ ಹಗ್ಗ ಸುಮಾರು ನಾಲ್ಕು ಕಿಲೋಮೀಟರ್ ತಗೊಂಡು, ಅದರಿಂದ ಕಾರಿನ ಸ್ಟೀಲ್ ಬಂಪರುಗಳನ್ನು ಗೋಡೆಗೆ ತೂಗುಹಾಕಿದರು. ವೆನಿಸ್ಸಿನಲ್ಲಿ ತೋರಿಸಿದರು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅದರಲ್ಲಿ ಬಳ್ಳಿ ಇಲ್ಲ, ಹಂಸ ಇಲ್ಲ, ಹೊಯ್ಸಳರ ಒಂದು ಗೆರೆ ಇಲ್ಲ. ಆದರೆ ಕೂದಲ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಇದೆ. ಹರಕೆ, ನಾಚಿಕೆ, ಭಯ, ವ್ಯಾಪಾರ. ಒಂದೆಳೆ ಎಷ್ಟು ಸಲೀಸಾಗಿ ತುಂಡಾಗುತ್ತದೆ, ಹೊಸೆದರೆ ಎಷ್ಟು ಭಾರ ಹೊರುತ್ತದೆ ಅನ್ನುವುದೂ. ಹಗ್ಗ ಹೊಸೆದವರು ಯಾರೋ, ಅವರ ಹೆಸರು ಅಲ್ಲಿ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ದಾಸೋಜನಿಗೆ ಸಿಕ್ಕಿದ್ದು ಅವರಿಗೆ ಸಿಗಲಿಲ್ಲ.

ಹೋಟೆಲಿನ ಫೈಬರ್ ಸುಂದರಿ, ಈ ಕೂದಲ ಹಗ್ಗ, ಎರಡರಲ್ಲಿ ಪರಂಪರೆ ಎಲ್ಲಿದೆ ಅಂತ ನನ್ನನ್ನು ಕೇಳಿದರೆ ನಾನು ಹಗ್ಗದ ಕಡೆ ಕೈ ತೋರಿಸುತ್ತೇನೆ. ನಿಮ್ಮಲ್ಲಿ ಒಪ್ಪದವರು ಇರುತ್ತಾರೆ, ಚಹಾ ಕುಡಿಯುವಾಗ ಜಗಳ ಆಡೋಣ.

ವಿದ್ಯಾರ್ಥಿಗಳು ಯಾವಾಗಲೂ ಕೇಳುವ ಪ್ರಶ್ನೆ, ಹೊಟ್ಟೆಪಾಡು ಹೇಗೆ ಅಂತ. ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇಲ್ಲ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಬಿದರಿಯವರ ಬಳ್ಳಿ ತೆಳ್ಳಗಾಗುತ್ತದೆ, ಎಲೆಗಳು ಕಡಿಮೆಯಾಗುತ್ತವೆ. ವಿಚಿತ್ರ ಅಂದರೆ ಹಾಗೆ ತೆಳುವಾದ ಕೆಲವು ಕೆಲಸಗಳೇ ನನಗೆ ಹೆಚ್ಚು ಚಂದ ಕಾಣುತ್ತವೆ, ಕಪ್ಪಿಗೆ ಉಸಿರಾಡಲು ಜಾಗ ಸಿಕ್ಕಿದ ಹಾಗೆ. ಇದನ್ನು ಚಾಚಾಗೆ ಹೇಳಿದಾಗ ಅವರಿಗೆ ಅಷ್ಟು ಹಿಡಿಸಲಿಲ್ಲ. ‘ನಿಮಗ ಚಂದ ಕಾಣ್ತದ, ನಮಗ ಕೂಲಿ ಕಮ್ಮಿ ಆಗ್ತದ’ ಅಂದರು.

ಸರಿ, ಕಲ್ಲು ನೋಡೋಣ. ಗಂಧ ಒಣಗಿದೆಯಾ ಅಮ್ಮ? ಬಲಗಡೆಯದನ್ನು ಮೊದಲು ಎತ್ತು. ಎಲ್ಲ ಕಡೆ ಬೆಳ್ಳಗಾಗಿದೆ. ತಿರುಗಿಸು. ಹಿಂದೆಯೂ ಬೆಳ್ಳಗೇ ಇದೆ. ಈಗ ಎಡಗಡೆಯದು, ಗಂಟೆಯ ಹಾಗೆ ನುಡಿದದ್ದು. ದೀಪದ ಕಡೆ ಹಿಡಿ. ಕಾಣಿಸಿತಾ? ಕೆಳಗಿನ ಮೂಲೆಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ, ಎರಡು ಬೆರಳು ಉದ್ದ. ಮುಟ್ಟಿ ನೋಡಿ, ಇನ್ನೂ ತಣ್ಣಗಿದೆ. ನಾನು ತಟ್ಟಿದ್ದು ಅದರ ಇನ್ನೊಂದು ತುದಿಯನ್ನು. ಬಲಗಡೆಯದು ದಪ್ ಅಂದದ್ದು ಯಾಕೆ ಅಂತಲೂ ಈಗ ಗೊತ್ತಾಯಿತು, ಅದರ ಕೆಳಗೆ ಮೇಜಿನ ಬಟ್ಟೆ ನಾಲ್ಕು ಮಡಿಕೆಯಾಗಿ ಸಿಕ್ಕಿಕೊಂಡಿದೆ. ಪಂಥ ಸೋತೆ. ಜಕಣಾಚಾರಿಯ ಹಾಗೆ ಪಣ ಕಟ್ಟಲಿಲ್ಲ, ಕೈ ಉಳಿಯಿತು. ಹಿಂದಿನ ಸಾಲಿನವರೂ ಬನ್ನಿ, ಗೆರೆ ಆರಿ ಹೋಗುವ ಮುಂಚೆ ನೋಡಿಬಿಡಿ.